ಯಾವೂರು ಅಂತ ಬರೀಲಿ?

ತಂಗಡಗಿಯ ದಂಡೆಯಲ್ಲಿ ನಿಂತು ನೋಡಿದರೆ ಕೃಷ್ಣೆ ಹೊಳೆಯಂತೆ ಕಾಣುವುದಿಲ್ಲ, ಕೆರೆಯಂತೆ ಕಾಣುತ್ತದೆ. ಕೆಳಗೆ ನಾರಾಯಣಪುರದ ಬಸವಸಾಗರ ತುಂಬಿದಾಗ ನೀರು ಹಿಂದಕ್ಕೆ ಒತ್ತಿ ಇಲ್ಲಿಗೂ ಬಂದು ನಿಲ್ಲುತ್ತದೆ. ಬಸವಣ್ಣನ ಮಡದಿ ನೀಲಮ್ಮನ ಐಕ್ಯಸ್ಥಳ ಈ ಹಿನ್ನೀರಿನ ಮಗ್ಗುಲಲ್ಲೇ ಇದೆ. ಆಚೆ, ಮಲಪ್ರಭೆ ಬಂದು ಕೂಡುವಲ್ಲಿ, ಕೂಡಲಸಂಗಮದ ಐಕ್ಯಮಂಟಪಕ್ಕೆ ಸುತ್ತ ಗೋಡೆ ಎತ್ತಿದ್ದಾರೆ. ಭಕ್ತರು ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಹೋಗಬೇಕು. ಗುಡಿಯ ಸುತ್ತ ಗೋಡೆ ಕಟ್ಟಬಹುದು, ಊರ ಸುತ್ತ ಕಟ್ಟಲು ಬರುವುದಿಲ್ಲ. ಹಾಗಾಗಿ ಊರುಗಳು ಎದ್ದು ಹೋದವು.

ಎದ್ದವರು ಎಷ್ಟು ಮಂದಿ, ಎಲ್ಲೆಲ್ಲಿಗೆ ಹೋದರು, ಈಗ ಹೇಗಿದ್ದಾರೆ ಎಂದು ಕೇಳಿದರೆ ಸರಿಯಾದ ಉತ್ತರ ಕೊಡುವವರು ಯಾರೂ ಸಿಗುವುದಿಲ್ಲ. ಲೆಕ್ಕ ಮಾಡಿಲ್ಲವೆಂದಲ್ಲ. ಈ ದಂಡೆಯ ಮಂದಿಯನ್ನು ಎಣಿಸಿದಷ್ಟು ಸಲ ಬಹುಶಃ ನಾಡಿನ ಬೇರೆ ಯಾರನ್ನೂ ಎಣಿಸಿಲ್ಲ. ಎಣಿಸಿದಷ್ಟೂ ಲೆಕ್ಕ ತಪ್ಪುತ್ತ ಹೋಗುವುದೇಕೆ ಎಂಬುದು ಈ ಬರಹದ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂದು ಸಮೀಕ್ಷೆಯ ತಂಡದ ಜೊತೆ ನಾನೂ ಪುನರ್ವಸತಿ ಕೇಂದ್ರವೊಂದಕ್ಕೆ ಹೋಗಿದ್ದೆ. ಜನರ ಬಾಯಲ್ಲಿ ಅದು ಬರಿ ‘ಆರ್‌ಸಿ’. ಬಿ.ಎ. ಮುಗಿಸಿದ ಹುಡುಗನೊಬ್ಬ ಕೈಯಲ್ಲಿ ಟ್ಯಾಬ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದ ಮುದುಕರ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊದಲ ಕಾಲಂ: ಗ್ರಾಮ. “ಅಜ್ಜಾರ, ನಿಮ್ಮೂರು ಯಾವುದ್ರೀ?” ಅಜ್ಜ ಹುಡುಗನನ್ನೂ ಟ್ಯಾಬನ್ನೂ ಒಮ್ಮೆ ನೋಡಿದರು. “ಯಾವೂರು ಹೇಳ್ಲಿ ತಮ್ಮಾ? ಹುಟ್ಟಿದ್ದು ಹೇಳ್ಲ್ಯೋ, ಈಗ ಇರೂದು ಹೇಳ್ಲ್ಯೋ, ರೇಷನ್ ಕಾರ್ಡಿನ್ಯಾಗ ಬರದಿದ್ದು ಹೇಳ್ಲ್ಯೋ?” ಹುಡುಗ ನನ್ನ ಕಡೆ ತಿರುಗಿದ. “ಸರ್, ಯಾವೂರು ಅಂತ ಬರೀಲಿ?” ಟ್ಯಾಬಿನಲ್ಲಿ ಇದ್ದದ್ದು ಒಂದೇ ಚೌಕ. ಅಂದು ಏನು ಬರೆದೆವು ಎಂಬುದು ನೆನಪಿಲ್ಲ. ಏನು ಬರೆದಿದ್ದರೂ ಮೂರರಲ್ಲಿ ಎರಡು ಪಾಲು ಸುಳ್ಳಾಗುತ್ತಿತ್ತು.

ಹಿನ್ನೆಲೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಅವರು ಪ್ರಧಾನಿಯಾಗಲು ಇನ್ನೂ ಹದಿನೆಂಟು ದಿನ ಬಾಕಿ ಇತ್ತು. ಅಡಿಗಲ್ಲು ಮೊದಲು ಬಿದ್ದದ್ದು ಆಲಮಟ್ಟಿಗಾದರೂ ಕೆಲಸ ಮೊದಲು ಮುಗಿದದ್ದು ಕೆಳಗಿನ ನಾರಾಯಣಪುರದ್ದು, 1982ರಲ್ಲಿ. ಹೀಗಾಗಿ ಮುದ್ದೇಬಿಹಾಳದ ಹೊಳೆದಂಡೆಯ ಊರುಗಳು ಮೊದಲು ಎದ್ದವು. ಬಸವನ ಬಾಗೇವಾಡಿ ಕಡೆಯ ಊರುಗಳು, ಕೊಲ್ಹಾರ, ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಆಮೇಲೆ. ತಂಗಡಗಿಯ ಸುತ್ತಿನವರಿಗೆ ಮೇಲೊಂದು ಅಣೆಕಟ್ಟು, ಕೆಳಗೊಂದು ಅಣೆಕಟ್ಟು. ಸುಪ್ರೀಂ ಕೋರ್ಟಿನ 2000ದ ತೀರ್ಪಿನಂತೆ ಆಲಮಟ್ಟಿಯ ನೀರು 519.60 ಮೀಟರಿಗೆ ನಿಂತಿದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು, ಗೆಜೆಟ್ ಪ್ರಕಟಣೆ ಮಾತ್ರ ಕೋರ್ಟಿನಲ್ಲಿ ಸಿಕ್ಕಿಬಿದ್ದಿದೆ. ನಡುವಿನ ಐದು ಮೀಟರಿಗೂ ಕಡಿಮೆಯ ಆ ಅಂತರದಲ್ಲಿ ಸುಮಾರು ಇಪ್ಪತ್ತು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ವಾರ್ಡುಗಳು ಮುಳುಗಲಿಕ್ಕೆ ಕಾಯುತ್ತ ಕೂತಿವೆ. ಆದ್ದರಿಂದ ಇಲ್ಲಿ ಮುಳುಗಿದವರು, ಮುಳುಗುವವರು, ಮುಳುಗಬಹುದಾದವರು ಎಂದು ಮೂರು ಥರದ ಮಂದಿ. ಒಂದೇ ಪ್ರಶ್ನಾವಳಿಯನ್ನು ಈ ಮೂವರ ಮುಂದೆಯೂ ಹಿಡಿದರೆ ಮೂರು ಬೇರೆ ಬೇರೆ ಭಾಷೆಯಲ್ಲಿ ಉತ್ತರ ಬರುತ್ತದೆ.

ತೊಡಕು ‘ಸರ್ವೆ’ ಎಂಬ ಮಾತಿನಲ್ಲೇ ಶುರುವಾಗುತ್ತದೆ. ವಿಶ್ವವಿದ್ಯಾಲಯದವರಿಗೆ ಸರ್ವೆ ಎಂದರೆ ಸಮೀಕ್ಷೆ. ಈ ಸೀಮೆಯಲ್ಲಿ ಸರ್ವೆ ಎಂದರೆ ಮೋಜಣಿ: ಸರಪಳಿ, ಬಾಂದುಕಲ್ಲು, ನಕಾಶೆ, ಜೊತೆಗೆ ತಲಾಟಿ. “ಸರ್ವೇದವರು ಬಂದಾರ” ಎಂದರೆ ಹೊಲ ಹೋಗುತ್ತದೆ ಎಂದೇ ಅರ್ಥ. ಮೊದಲು ಸರ್ವೇದವರು ಬಂದು ನೀರು ಎಲ್ಲಿಯವರೆಗೆ ಬರುತ್ತದೆಂದು ಕಲ್ಲು ನೆಟ್ಟರು. ಆಮೇಲೆ ಪಂಚನಾಮೆಯವರು ಬಂದು ಮನೆಯ ತೊಲೆ, ಕಂಬ, ಬಾಗಿಲು, ಅಂಗಳದ ಬೇವಿನಗಿಡ ಎಣಿಸಿದರು. ಆಮೇಲೆ ನೋಟಿಸು, ಆಮೇಲೆ ನೀರು. ಈ ಸಾಲನ್ನು ಒಮ್ಮೆ ಕಂಡವರು ಯಾವ ಗಣತಿದಾರನನ್ನೂ ಬರಿ ಗಣತಿದಾರ ಎಂದು ನೋಡಲಾರರು. ‘ನಾವು ಕಾಲೇಜಿನವರು, ಇದು ಅಧ್ಯಯನಕ್ಕೆ’ ಎಂದರೆ ತಲೆಯಾಡಿಸುತ್ತಾರೆ, ನಂಬುವುದಿಲ್ಲ. ನಂಬದೆ ಇರುವುದೇ ಅವರ ಅನುಭವಕ್ಕೆ ತಕ್ಕ ಬುದ್ಧಿ.

ಎಣಿಸಿದ ಬೇವಿನಗಿಡಕ್ಕೆ ದುಡ್ಡು ಬಂದದ್ದನ್ನೂ, ಎಣಿಸದೆ ಬಿಟ್ಟ ಬಾವಿಗೆ ಬಾರದೆ ಹೋದದ್ದನ್ನೂ ಅವರು ಕಂಡಿದ್ದಾರೆ. ಉತ್ತರಕ್ಕೆ ಬೆಲೆ ಇದೆ ಎಂಬುದು ಅವರಿಗೆ ಗೊತ್ತು. ಇದರ ಇತ್ತೀಚಿನ ರೂಪವನ್ನು ನೋಡಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಎಂದು ದರ ಗೊತ್ತುಮಾಡಿತು. ಆವತ್ತಿನಿಂದ ‘ನಿಮ್ಮ ಹೊಲಕ್ಕೆ ನೀರು ಇದೆಯೆ?’ ಎಂಬುದು ಕೃಷಿಯ ಪ್ರಶ್ನೆಯಾಗಿ ಉಳಿದಿಲ್ಲ, ಎಕರೆಗೆ ಹತ್ತು ಲಕ್ಷದ ಪ್ರಶ್ನೆಯಾಗಿದೆ. ಅದಕ್ಕೆ ಎರಡು ವರ್ಷ ಮೊದಲು ಬರ ಪರಿಹಾರದ ಪಟ್ಟಿ ಬರೆಯುವಾಗ ಇದೇ ಹೊಲಕ್ಕೆ ನೀರು ಇರಲಿಲ್ಲ. ಈಗ ಇದೆ. ಸುಳ್ಳು ಯಾವುದು, ನಿಜ ಯಾವುದು? ಹೊಳೆದಂಡೆಯಲ್ಲಿ ಪಂಪು ಕೂಡಿಸಿ ವರ್ಷ ಬಿಟ್ಟು ವರ್ಷ ನೀರು ಎತ್ತುವವನ ಹೊಲ ನೀರಾವರಿಯೂ ಹೌದು, ಒಣಬೇಸಾಯವೂ ಹೌದು. ಕಾಲಮ್ಮಿನಲ್ಲಿ ಮಾತ್ರ ಎರಡರಲ್ಲಿ ಒಂದನ್ನೇ ಒತ್ತಬೇಕು. ಜನ ಸುಳ್ಳು ಹೇಳುತ್ತಾರೆ ಎಂದು ವರದಿಯ ಕೊನೆಯಲ್ಲಿ ಟಿಪ್ಪಣಿ ಹಾಕುವ ಸಂಶೋಧಕರನ್ನು ಕಂಡಾಗ, ಪ್ರಶ್ನೆ ಎಷ್ಟು ನಿಜ ಹೇಳುತ್ತಿತ್ತು ಎಂದು ಕೇಳಬೇಕೆನಿಸುತ್ತದೆ.

ಇನ್ನು ಪಟ್ಟಿಯ ಮಾತು. ಯಾವ ಮಾದರಿ ಸಮೀಕ್ಷೆಗೂ ಮೊದಲು ಒಂದು ಪೂರ್ತಿ ಪಟ್ಟಿ ಬೇಕು. ಅದರಿಂದ ಚೀಟಿ ಎತ್ತಿದಂತೆ ಮನೆಗಳನ್ನು ಆಯಬೇಕು. ನೆಲೆಯೂರಿದ ಊರಲ್ಲಿ ಪಂಚಾಯಿತಿಯ ಮನೆ ಪಟ್ಟಿಯೋ ಮತದಾರರ ಪಟ್ಟಿಯೋ ಸಾಕು. ಎದ್ದು ಹೋದ ಊರಿನ ಪಟ್ಟಿ ಎಲ್ಲಿದೆ? ಭೂಸ್ವಾಧೀನದ ಕಡತದಲ್ಲಿ ಇರುವುದು ಹೊಲ, ಮನೆ ಕಳೆದುಕೊಂಡವರ ಹೆಸರು, ಅದೂ ಅಂದಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇದ್ದ ಹೆಸರು. ಅನೇಕ ಕಡೆ ಅದು ಸತ್ತ ಅಜ್ಜನದು. ಆರ್‌ಸಿಯ ನಿವೇಶನದ ಪಟ್ಟಿಯಲ್ಲಿ ಹಕ್ಕುಪತ್ರ ಪಡೆದವರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಅಲ್ಲಿ ಮನೆ ಕಟ್ಟಲಿಲ್ಲ, ಕಟ್ಟಿದವರಲ್ಲಿ ಕೆಲವರು ಮಾರಿ ಹೋದರು, ಕೊಂಡವರು ಸಂತ್ರಸ್ತರೇ ಅಲ್ಲ. ಒಂದೇ ಊರು ‘ಭಾಗ-1’, ‘ಭಾಗ-2’ ಎಂದು ಒಡೆದು ಬೇರೆ ಬೇರೆ ಗುಡ್ಡದ ಮೇಲೆ ಕೂತಿರುವುದೂ ಉಂಟು. ಚಿಮ್ಮಲಗಿಯನ್ನು ಕೇಳಿದರೆ ಯಾವ ಭಾಗ ಎಂದು ಮರುಪ್ರಶ್ನೆ ಬರುತ್ತದೆ. ಜನವಸತಿ ಇಲ್ಲದ ಊರಿಗೆ ಕಂದಾಯ ದಫ್ತರದಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಹೆಸರಿದೆ. ಪಾರ್ಸಿಯ ಮಾತು, ದೀಪವಿಲ್ಲದ ಊರು ಎಂದು ಅರ್ಥ. ದೀಪ ಆರಿದ್ದನ್ನು ದಫ್ತರ ಬರೆದಿಟ್ಟುಕೊಂಡಿತು, ಅದನ್ನು ಯಾರು ಎಲ್ಲಿ ಹಚ್ಚಿಕೊಂಡರು ಎಂಬುದನ್ನು ಬರೆದಿಟ್ಟುಕೊಳ್ಳಲಿಲ್ಲ.

ಪಟ್ಟಿ ಇಲ್ಲದಾಗ ಸಮೀಕ್ಷಕರು ಮಾಡುವುದೇನು? ಸಿಕ್ಕವರನ್ನು ಕೇಳುತ್ತಾರೆ. ಆರ್‌ಸಿಗೆ ಹೋಗಿ ಬಾಗಿಲು ತೆರೆದ ಮನೆಗಳಲ್ಲಿ ಫಾರಂ ತುಂಬಿಸುತ್ತಾರೆ. ಬಾಗಿಲು ತೆರೆದಿರುವುದು ಯಾರದ್ದು? ಸರಕಾರಿ ನೌಕರಿ, ಕಿರಾಣಿ ಅಂಗಡಿ, ಪಿಂಚಣಿ ಇದ್ದವರದ್ದು. ಇಲ್ಲವೆ ದುಡಿಯಲು ಕೈಲಾಗದ ಮುದುಕರದ್ದು. ನಡುಪ್ರಾಯದವರು ಪುಣೆ, ಗೋವಾ, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಕಬ್ಬು ಕಡಿಯುವ ಕಾಲಕ್ಕೆ ಹೋದರಂತೂ ಓಣಿಗೆ ಓಣಿಯೇ ಕೀಲಿ. ಹೀಗೆ ಒಂದು ಸಮೀಕ್ಷೆಯಲ್ಲಿ ಸಂತ್ರಸ್ತರು ಪರವಾಗಿಲ್ಲ, ನೆಲೆ ನಿಂತಿದ್ದಾರೆ ಎಂದು ಬರುತ್ತದೆ. ಇನ್ನೊಂದರಲ್ಲಿ ಎಲ್ಲರೂ ದುಡಿಯಲಾರದ ಬಡವರು ಎಂದು ಬರುತ್ತದೆ. ಎರಡೂ ಬಾಗಿಲು ತೆರೆದಿದ್ದ ಮನೆಗಳ ಕತೆಯೇ. ಅತಿ ಹೆಚ್ಚು ಕಳೆದುಕೊಂಡವನು ಅತಿ ದೂರ ಹೋಗಿರುತ್ತಾನೆ, ಅವನೇ ಸಿಗುವುದಿಲ್ಲ.

ಮನೆಗಳ ಪಟ್ಟಿಗೆ ರಾಜ್ಯ ಈಚೆಗೆ ಹೊಸ ದಾರಿ ಹಿಡಿಯಿತು. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರಿನ ಆಧಾರದ ಮೇಲೆ ಮನೆ ಗುರುತಿಸಿ, ಚೀಟಿ ಅಂಟಿಸಿ, ಶಿಕ್ಷಕರ ಕೈಗೆ ಅರವತ್ತು ಪ್ರಶ್ನೆ ಕೊಟ್ಟರು. ಉಪಾಯ ಒಳ್ಳೆಯದೇ. ಆದರೆ ಆರ್‌ಸಿಗಳಲ್ಲಿ ಮೀಟರು ಮನೆಗಿದೆಯೇ ಹೊರತು ಮಂದಿಗಿಲ್ಲ. ಮಗ ಪುಣೆಯಲ್ಲಿ, ಮೀಟರು ಇಲ್ಲಿ, ಬಿಲ್ಲು ಸತ್ತ ಅಪ್ಪನ ಹೆಸರಲ್ಲಿ.

ಪಟ್ಟಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಎಣಿಸುವುದು ಏನನ್ನು? ಕುಟುಂಬವನ್ನು. ಕುಟುಂಬ ಎಂದರೆ? ಜನಗಣತಿಯವರಿಗೆ ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. 2013ರ ಭೂಸ್ವಾಧೀನ ಕಾಯಿದೆಗೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು, ಆತನನ್ನೇ ನೆಚ್ಚಿಕೊಂಡ ಅಪ್ರಾಪ್ತ ತಮ್ಮ ತಂಗಿಯರು ಒಂದು ಕುಟುಂಬ. ವಯಸ್ಸಿಗೆ ಬಂದ ಪ್ರತಿಯೊಬ್ಬರೂ, ಮದುವೆ ಆಗಿರಲಿ ಬಿಡಲಿ, ಬೇರೆಯೇ ಕುಟುಂಬ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟವಳು ಕೂಡ ಬೇರೆ ಬೇರೆ ಕುಟುಂಬ. ರೇಷನ್ ಕಾರ್ಡಿನದು ಇನ್ನೊಂದು ಲೆಕ್ಕ, ಉತಾರದ್ದು ಮತ್ತೊಂದು. ಹೊಳೆದಂಡೆಯ ಒಂದು ವಾಡೆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಅವರ ತಾಯಿ, ಇಬ್ಬರು ವಯಸ್ಸಿಗೆ ಬಂದ ಗಂಡುಮಕ್ಕಳು, ತವರಿಗೆ ಮರಳಿದ ಒಬ್ಬ ಮಗಳು ಇದ್ದಾರೆಂದುಕೊಳ್ಳಿ. ಒಲೆ ಒಂದೇ. ಗಣತಿದಾರನಿಗೆ ಒಂದು ಕುಟುಂಬ, ಕಾಯಿದೆಗೆ ಏಳು, ರೇಷನ್ ಅಂಗಡಿಯವನಿಗೆ ಮೂರು, ಉತಾರಕ್ಕೆ ಇನ್ನೂ ಅಜ್ಜನೊಬ್ಬನೇ. ಮುಳುಗಡೆಯ ಸುದ್ದಿ ಬಂದ ವರ್ಷ ವಾಟ್ನಿಗಳು ಹೆಚ್ಚುತ್ತವೆ. ಕಾಗದದ ಮೇಲೆ ಪಾಲಾಗುತ್ತದೆ, ಒಲೆ ಒಂದೇ ಇರುತ್ತದೆ. ಕಾಲಾನಂತರ ಕಾಗದವೇ ಗೆದ್ದು ಒಲೆಯೂ ಮೂರಾಗುವುದುಂಟು. ಕಾಗದದ ಪಾಲು ಮನೆಯೊಳಗೆ ಬಂದು ಕೂರುವುದನ್ನು ನಾನೇ ಎರಡು ಮನೆಗಳಲ್ಲಿ ನೋಡಿದ್ದೇನೆ.

ಕಾಗದವೇ ಇಲ್ಲದವರ ಗತಿ ಇನ್ನೂ ಕಠಿಣ. ತಂಗಡಗಿ ಶರಣ ಹಡಪದ ಅಪ್ಪಣ್ಣನ ಹೆಸರಿನ ಪೀಠ ಇರುವ ಊರು, ಹಾಗಾಗಿ ಹಡಪದರ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಹಡಪದ ಮನೆತನದವನು ಊರಿನ ಗಡ್ಡ, ತಲೆ ಕೆಲಸಕ್ಕೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣದಿಂದ ಆಯ ತರುತ್ತಿದ್ದ. ಬಡಿಗ, ಕಂಬಾರ, ಅಗಸ ಎಲ್ಲರಿಗೂ ಆಯ ಇತ್ತು. ಕಣ ಮುಳುಗಿದಾಗ ಆಯವೂ ಮುಳುಗಿತು. ಹೊಲದವನಿಗೆ ಎಕರೆ ಲೆಕ್ಕದಲ್ಲಿ ದುಡ್ಡು ಬಂತು. ಆ ಹೊಲದ ರಾಶಿಯಲ್ಲಿ ಪಾಲು ಇದ್ದವನಿಗೆ ಮನೆಯ ಜಾಗಕ್ಕಷ್ಟೇ ಬಂತು. ಅವನ ಹಕ್ಕು ಯಾವ ಉತಾರದಲ್ಲೂ ಇರಲಿಲ್ಲ, ಊರಿನ ನೆನಪಿನಲ್ಲಿತ್ತು. ಊರೇ ನಾಲ್ಕು ದಿಕ್ಕಿಗೆ ಹೋದ ಮೇಲೆ ಆ ನೆನಪಿಗೆ ಸಾಕ್ಷಿ ಹೇಳುವವರು ಯಾರು? ಮೂರು ವರ್ಷದಿಂದ ಅಲ್ಲೇ ದುಡಿದು ಬದುಕಿದ ಕೂಲಿಕಾರ, ಗೇಣಿದಾರ, ಕಸುಬುದಾರರೂ ಬಾಧಿತರು ಎಂದು 2013ರ ಕಾಯಿದೆ ಒಪ್ಪಿತು. ನಾರಾಯಣಪುರದ ನೀರು ನಿಂತದ್ದು ಅದಕ್ಕೆ ಮೂವತ್ತು ವರ್ಷ ಮೊದಲು.

ಕೇಳಿದರೂ ಹೇಳದ ಸಂಗತಿಗಳೂ ಇವೆ. ಬೇಸಿಗೆಗೆ ನೀರು ಇಳಿದಾಗ ಹಿನ್ನೀರಿನ ಮೆಕ್ಕಲು ನೆಲ ಬಯಲಾಗುತ್ತದೆ. ಅಲ್ಲಿ ಹಸಿ ಆರುವ ಮೊದಲೇ ಬಿತ್ತುವವರಿದ್ದಾರೆ. ನೆಲ ಸರಕಾರದ್ದು, ಬಿತ್ತಿದವನ ಅಜ್ಜನದೂ ಹೌದು. ‘ನಿಮಗೆ ಬೇರೆ ಸಾಗುವಳಿ ಉಂಟೆ?’ ಎಂದರೆ ‘ಇಲ್ಲರಿ’ ಎಂಬ ಉತ್ತರ ಬರುತ್ತದೆ. ಹೇಳಿದರೆ ನಾಳೆ ಬಿಡಿಸುತ್ತಾರೆ ಎಂಬ ಅಂಜಿಕೆ. ಪರಿಹಾರದ ದುಡ್ಡು ಏನಾಯಿತು ಎಂಬ ಪ್ರಶ್ನೆಯೂ ಹಾಗೆಯೇ. “ಖರ್ಚಾತ್ರಿ” ಎಂಬ ಒಂದು ಮಾತಿನೊಳಗೆ ಮಗಳ ಮದುವೆ, ಅಣ್ಣನ ಕುಡಿತ, ಹಳೆಯ ಸಾಲ, ಹೆಚ್ಚಿನ ಪರಿಹಾರಕ್ಕೆ ಕೋರ್ಟು ಹತ್ತಿದಾಗ ವಕೀಲರಿಗೆ ಹೋದ ಪಾಲು ಎಲ್ಲ ಅಡಗಿವೆ. ಹೆಂಡತಿ ಒಳಗಿನಿಂದ ಕೆಮ್ಮಿದರೆ ಗಂಡ ಮಾತು ಬದಲಿಸುತ್ತಾನೆ. ಗಣತಿದಾರ ‘ಗೃಹಕೃತ್ಯ’ ಎಂದು ಬರೆದುಕೊಂಡು ಎದ್ದುಬರುತ್ತಾನೆ.

ಹೆಂಗಸರ ಲೆಕ್ಕ ತಪ್ಪುವ ಬಗೆಯೇ ಬೇರೆ. ಜನಗಣತಿಯಲ್ಲಿ ಊರು ಬಿಟ್ಟವರಿಗೆ ಕಾರಣ ಕೇಳುವ ಒಂದು ಕಾಲಂ ಇದೆ. 1991ರಲ್ಲಿ ಅಲ್ಲಿ ನೈಸರ್ಗಿಕ ವಿಕೋಪ ಎಂಬುದೂ ಒಂದು ಕಾರಣವಾಗಿತ್ತು. 2001ರಲ್ಲಿ ಅದು ಹೋಯಿತು. 2011ರಲ್ಲಿ ಇದ್ದವು ಕೆಲಸ, ವ್ಯಾಪಾರ, ಶಿಕ್ಷಣ, ಮದುವೆ, ಹುಟ್ಟಿದ ಮೇಲೆ ಸ್ಥಳಾಂತರ, ಮನೆಯವರ ಜೊತೆ ಬಂದದ್ದು, ಇತರೆ. ಅಣೆಕಟ್ಟಿಗೆ ಊರು ಕೊಟ್ಟವರು ‘ಇತರೆ’ಯಲ್ಲೋ ‘ಮನೆಯವರ ಜೊತೆ’ಯಲ್ಲೋ ಸೇರಿಹೋದರು. ಮುಳುಗಡೆಗೆ ಎರಡು ವರ್ಷ ಮೊದಲು ಸಿಂದಗಿಗೋ ಇಂಡಿಗೋ ಮದುವೆಯಾಗಿ ಹೋದ ಹೆಣ್ಣುಮಗಳು ‘ಮದುವೆ’ಯ ಕಾಲಮ್ಮಿನಲ್ಲಿ ಭದ್ರವಾಗಿ ಕೂತಿದ್ದಾಳೆ. ಅವಳ ತವರು ಮುಳುಗಿದೆ. ಬಾಣಂತನಕ್ಕೆ ಹೋಗುವ ಮನೆ, ಪಂಚಮಿಗೆ ಜೀಕುವ ಜೋಕಾಲಿಯ ಗಿಡ, ಗಂಡ ಹೊಡೆದಾಗ ಎದ್ದು ನಡೆಯಬಹುದಾದ ದಾರಿ, ಎಲ್ಲವೂ ಹೋಗಿವೆ. ಯಾವ ಸಮೀಕ್ಷೆಯೂ ಅವಳನ್ನು ಸಂತ್ರಸ್ತೆ ಎಂದು ಕರೆದದ್ದು ನಾನು ಕಾಣೆ. ವಿಚಿತ್ರವೆಂದರೆ ಇಂಡಿ, ಸಿಂದಗಿಯ ಆ ಹೊಲಗಳ ಕಡೆಗೆ ಈಗ ಕಾಲುವೆಯಲ್ಲಿ ಬರುವುದು ಅವಳ ತವರಿನ ಮೇಲೆ ನಿಂತ ನೀರೇ. ಫಲಾನುಭವಿಗಳ ಪಟ್ಟಿಯಲ್ಲಿ ಅವಳ ಗಂಡನ ಹೆಸರು ಇದ್ದೀತು.

ಕಾಲುವೆ ಎಂದ ಮೇಲೆ ಇನ್ನೊಂದು ಲೆಕ್ಕ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಬೇಕೆಂದ 1,33,867 ಎಕರೆಯಲ್ಲಿ ಮುಳುಗುವುದು 75,563 ಎಕರೆ, ಪುನರ್ವಸತಿಗೆ 6,467, ಕಾಲುವೆಗಳಿಗೆ 51,837. ಕಾಲುವೆ ಊರನ್ನು ಎಬ್ಬಿಸುವುದಿಲ್ಲ, ಹೊಲವನ್ನು ಸೀಳುತ್ತದೆ. ಆಚೆಗೊಂದು ತುಂಡು, ಈಚೆಗೊಂದು ತುಂಡು, ನಡುವೆ ಎತ್ತಿನ ಬಂಡಿ ದಾಟಲಾರದ ತೋಡು. ಮನೆ ಇದ್ದಲ್ಲೇ ಇರುವುದರಿಂದ ಆ ಹೊಲದವನು ಸ್ಥಳಾಂತರಗೊಂಡವನಲ್ಲ, ಸಮೀಕ್ಷೆಗೆ ಸಿಗುವುದೂ ಇಲ್ಲ.

ಇಷ್ಟೆಲ್ಲ ದಾಟಿ ಉತ್ತರ ಪಡೆದರೂ ಅದನ್ನು ಯಾವುದರ ಜೊತೆ ಹೋಲಿಸುವುದು? ಮುಂಚೆ ಹೇಗಿದ್ದರು ಎಂಬ ದಾಖಲೆ ಬೇಕಲ್ಲ. ಆಫ್ರಿಕದ ಜಾಂಬೆಜಿ ಹೊಳೆಗೆ ಕರಿಬಾ ಅಣೆಕಟ್ಟು ಕಟ್ಟುವಾಗ ಎಲಿಜಬೆತ್ ಕೋಲ್ಸನ್, ಥೇಯರ್ ಸ್ಕಡರ್ ಎಂಬಿಬ್ಬರು ಮಾನವಶಾಸ್ತ್ರಜ್ಞರು ಗ್ವೆಂಬೆ ಟೊಂಗಾ ಜನರ ನಡುವೆ 1956ರಲ್ಲೇ ಕೆಲಸ ಶುರುಮಾಡಿದ್ದರು. 1958ರಲ್ಲಿ ಸುಮಾರು 57,000 ಮಂದಿಯನ್ನು ಎಬ್ಬಿಸಿದರು. ಅವರಿಬ್ಬರು ಅದೇ ಜನರ ಹತ್ತಿರ ದಶಕಗಟ್ಟಲೆ ಮತ್ತೆ ಮತ್ತೆ ಹೋದರು. ಜಗತ್ತಿನಲ್ಲಿ ಇಂಥದ್ದು ಬೆರಳೆಣಿಕೆಯಷ್ಟು. ಕೃಷ್ಣೆಯ ದಂಡೆಯಲ್ಲಿ ಹೆಚ್ಚಾಗಿ ನಡೆದದ್ದು ಉಲ್ಟಾ: ನೀರು ಬಂದ ಮೇಲೆ ಹೋಗಿ, ನೀರು ಬರುವ ಮುಂಚೆ ಹೇಗಿದ್ದಿರಿ ಎಂದು ಕೇಳುವುದು. ಅಂಥ ಪ್ರಶ್ನೆಗೆ ನೆನಪು ಎರಡು ಬಗೆಯಲ್ಲಿ ಉತ್ತರ ಕೊಡುತ್ತದೆ. ಹಳೆ ಊರಿನ ಎರೆ ಹೊಲದಲ್ಲಿ ಜೋಳ ಆಳೆತ್ತರ ಬೆಳೆಯುತ್ತಿತ್ತು, ಹೊಳೆಯ ನೀರು ಸಕ್ಕರೆಯಂತಿತ್ತು. ಅದೇ ಬಾಯಲ್ಲಿ, ಬರಗಾಲದಲ್ಲಿ ಗಂಜಿಗೂ ಗತಿ ಇರಲಿಲ್ಲ. ಇಸವಿಯಂತೂ ಯಾರಿಗೂ ಬೇಡ. ‘ನಾರಾಯಣಪುರಕ್ಕ ನೀರು ನಿಂತ ವರ್ಷ’, ‘ದೊಡ್ಡ ಮಹಾಪೂರದ ವರ್ಷ’, ‘ಕೊರೊನಾದ ವರ್ಷ’ ಎಂದು ಕೇಳಿದರೆ ಮಗನ ವಯಸ್ಸೂ ಎಮ್ಮೆ ಸತ್ತ ತಿಂಗಳೂ ಸರಿಯಾಗಿ ಬರುತ್ತವೆ. ಪ್ರಶ್ನಾವಳಿ ಬರೆಯುವವರು ಮೊದಲು ಇಂಥದ್ದೊಂದು ಕಾಲಪಟ್ಟಿ ಮಾಡಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಇದು ಖರ್ಚಿಲ್ಲದ ಉಪಾಯ, ಅದಕ್ಕೇ ಇರಬೇಕು ಯಾರೂ ಮಾಡುವುದಿಲ್ಲ.

ಎಣಿಸುವವರು ಯಾರು ಎಂಬುದೂ ಲೆಕ್ಕವನ್ನು ಬದಲಿಸುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1978ರಲ್ಲಿ, ಮತ್ತೆ 1989ರಲ್ಲಿ ಸಾಲ ಕೊಟ್ಟ ವಿಶ್ವಬ್ಯಾಂಕ್, ಪುನರ್ವಸತಿ ಸರಿಯಾಗಿಲ್ಲವೆಂದು 1990ರ ದಶಕದಲ್ಲಿ ಎರಡು ಸಲ ಹಣ ತಡೆಹಿಡಿಯಿತು. ಆಗ ಸಂತ್ರಸ್ತರ ಲೆಕ್ಕ ಒಮ್ಮೆಲೇ ಮುಖ್ಯವಾಯಿತು. ಅಧಿಕಾರಿಗಳು, ಸ್ವಯಂಸೇವಾ ಸಂಸ್ಥೆಗಳು, ತಜ್ಞರು ಹಳ್ಳಿ ಹಳ್ಳಿ ತಿರುಗಿದರು. ಅಂದಿನ ಒತ್ತಡದಿಂದ ಆಲಮಟ್ಟಿಯವರಿಗೆ ನಾರಾಯಣಪುರದವರಿಗಿಂತ ಚೆನ್ನಾದ ಸೌಲಭ್ಯ ಸಿಕ್ಕಿತು ಎಂಬುದನ್ನು ಮರೆಯಬಾರದು. ಅದರ ಬೆನ್ನಿಗೇ ಇನ್ನೊಂದು ಗುಣವೂ ಬಂತು: ಅಣೆಕಟ್ಟು ಕಟ್ಟುವವರೇ ಸಂತ್ರಸ್ತರನ್ನು ಎಣಿಸುವುದು, ಎಣಿಕೆ ಹೆಚ್ಚಿದರೆ ಖರ್ಚು ಹೆಚ್ಚುವುದು. 2013ರ ಕಾಯಿದೆಯ 16ನೇ ಕಲಮೂ ಬಾಧಿತ ಕುಟುಂಬಗಳ ಗಣತಿಯನ್ನು ಪುನರ್ವಸತಿ ಆಡಳಿತಾಧಿಕಾರಿಯ ಕೈಗೇ ಕೊಟ್ಟಿದೆ. ವಿಶ್ವಬ್ಯಾಂಕಿನಲ್ಲೇ ಇದ್ದ ಸಮಾಜಶಾಸ್ತ್ರಜ್ಞ ಮೈಕೆಲ್ ಚೆರ್ನಿಯ ನೆಲೆ ತಪ್ಪಿದವರ ಬಡತನಕ್ಕೆ ಎಂಟು ಅಪಾಯಗಳನ್ನು ಪಟ್ಟಿ ಮಾಡಿದ್ದರು. ಭೂಮಿ, ಕೆಲಸ, ಮನೆ ಹೋಗುವುದು ಎಣಿಕೆಗೆ ಸಿಗುತ್ತದೆ. ಗೋಮಾಳ, ಹೊಳೆಯಂಥ ಊರೊಟ್ಟಿನ ಆಸ್ತಿ ಹೋಗುವುದು, ನಂಟಿನ ಬಲೆ ಹರಿಯುವುದು ಎಂಬವೂ ಅದರಲ್ಲಿವೆ. ಫಾರಮ್ಮಿನಲ್ಲಿ ಅವಕ್ಕೆ ಚೌಕ ಬರೆಯುವುದು ಹೇಗೆಂದು ಯಾರಿಗೂ ಇನ್ನೂ ತಿಳಿದಿಲ್ಲ.

ಅಣೆಕಟ್ಟಿನ ಸಮೀಕ್ಷೆ ನಿಧಾನದಲ್ಲಿ ಕೆಟ್ಟರೆ ಮಹಾಪೂರದ ಸಮೀಕ್ಷೆ ಅವಸರದಲ್ಲಿ ಕೆಡುತ್ತದೆ. 2009ರಲ್ಲಿ, ಮತ್ತೆ 2019ರಲ್ಲಿ, ಜನ ಗಂಜಿ ಕೇಂದ್ರದಲ್ಲಿ ಇರುವಾಗಲೇ ಮನೆಗಳ ಹಾನಿ ಬರೆದುಕೊಂಡರು. 2019ರಲ್ಲಿ ಎ, ಬಿ, ಸಿ ಎಂದು ವರ್ಗ ಮಾಡಿ ಪೂರ್ತಿ ಬಿದ್ದದ್ದಕ್ಕೆ ಐದು ಲಕ್ಷ ಎಂದರು. ಮಣ್ಣಿನ ಗೋಡೆ ನೀರು ಇಳಿದ ದಿನ ನಿಂತೇ ಇರುತ್ತದೆ. ಬಿಸಿಲು ಬಿದ್ದು ಒಣಗತೊಡಗಿದ ಮೇಲೆ ಬೀಳುತ್ತದೆ. ಅಧಿಕಾರಿ ಬಂದ ದಿನ ‘ಸಿ’, ಹೋದ ಮರುವಾರ ‘ಎ’. 2009ರ ನೆರೆಯ ನಂತರ ದಾನಿಗಳ ನೆರವಿನಲ್ಲಿ ಕಟ್ಟಿದ ‘ಆಸರೆ’ ಮನೆಗಳಿಗೆ ಹೋಗದೆ ಹಳೆ ಊರಲ್ಲೇ ಉಳಿದವರೂ ಇದ್ದಾರೆ. ಅವರು ಕಾಗದದಲ್ಲಿ ಒಂದು ಊರಿನವರು, ಕಾಲ ಮೇಲೆ ಇನ್ನೊಂದು ಊರಿನವರು.

ಇದು ಕೃಷ್ಣೆಗಷ್ಟೇ ಅಂಟಿದ ರೋಗವಲ್ಲ. ಲಿಂಗನಮಕ್ಕಿ 1964ರಲ್ಲಿ ಮುಗಿಯಿತು; ಶರಾವತಿ ಸಂತ್ರಸ್ತರ ಕೈಯಲ್ಲಿ ಎಷ್ಟು ಭೂಮಿ ಇದೆ, ಅದು ಕಂದಾಯದ್ದೋ ಕಾಡಿನದೋ ಎಂಬ ಸರ್ವೆ ಅರವತ್ತು ವರ್ಷದ ಮೇಲೂ ನಡೆದೇ ಇದೆ. ನಾಗರಹೊಳೆ ಕಡೆಯ ಕಾಡುಗಳಿಂದ ಹೊರಬಿದ್ದ ಆದಿವಾಸಿಗಳ ಸಂಖ್ಯೆ ತಿಳಿಯಲು ಹೈಕೋರ್ಟ್ ಸಮಿತಿಯನ್ನೇ ಮಾಡಬೇಕಾಯಿತು, ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ 3,418 ಕುಟುಂಬ ಎಂದು ಹೇಳಿತು. ಕಾಡಿನಲ್ಲಿ ಪಟ್ಟೆ ಇಲ್ಲದೆ ಬದುಕಿದವರ ಬಗ್ಗೆ, ಎಬ್ಬಿಸಿ ದಶಕಗಳಾದ ಮೇಲೆ, ಬಾಯಿಮಾತಿನ ಸಾಕ್ಷಿಯನ್ನೂ ಕೂಡಿಸಿ ತೆಗೆದ ಸಂಖ್ಯೆ ಅದು. ಇಡೀ ದೇಶದ್ದು ಕೇಳಿದರೆ ಸರಕಾರದ ಬಳಿ ಅಧಿಕೃತ ಅಂಕಿಯೇ ಇಲ್ಲ. ಸ್ವಾತಂತ್ರ್ಯಾನಂತರದ ಅರ್ಧ ಶತಮಾನದಲ್ಲಿ ಯೋಜನೆಗಳಿಂದ ನೆಲೆ ತಪ್ಪಿದವರು, ಬಾಧಿತರಾದವರು ಸುಮಾರು ಆರು ಕೋಟಿ ಎಂದು ವಾಲ್ಟರ್ ಫರ್ನಾಂಡಿಸ್ ರಾಜ್ಯ ರಾಜ್ಯಗಳ ಗೆಜೆಟ್ಟು, ಕಡತ ಕೆದಕಿ ಅಂದಾಜು ಮಾಡಿದರು. ಎಲ್ಲರೂ ಅದನ್ನೇ ಉದ್ಧರಿಸುತ್ತಾರೆ. 2000ದಲ್ಲಿ ವಿಶ್ವ ಅಣೆಕಟ್ಟು ಆಯೋಗ ಜಗತ್ತಿನಲ್ಲಿ ಅಣೆಕಟ್ಟಿಗೆ ಎದ್ದವರು ನಾಲ್ಕರಿಂದ ಎಂಟು ಕೋಟಿ ಎಂದಿತು. ಒಂದಕ್ಕೆ ಎರಡರಷ್ಟು ಹೆಚ್ಚು ಕಡಿಮೆ ಇರುವ ಅಂದಾಜನ್ನು ಬೆಳೆಯ ಬಗ್ಗೆ ಹೇಳಿದರೆ ತಹಶೀಲ್ದಾರರೂ ಒಪ್ಪುವುದಿಲ್ಲ.

ಹಾಗಾದರೆ ದಾರಿ ಏನು? ಯುದ್ಧ, ಗಲಭೆಗಳಿಂದ ಚದುರಿದವರ ನಡುವೆ ಕೆಲಸ ಮಾಡುವವರು ಒಬ್ಬರಿಂದ ಇನ್ನೊಬ್ಬರ ವಿಳಾಸ ಪಡೆಯುತ್ತ ಹೋಗುತ್ತಾರೆ. ನೆಲೆ ತಪ್ಪಿದವರ ಜೊತೆಗೆ ಅವರ ನೆರೆಯವರನ್ನೂ ಕೇಳಿ ಹೋಲಿಸುತ್ತಾರೆ. ಎರಡೂ ಇಲ್ಲಿ ಆಗುವಂಥವೇ. ನನಗೆ ಹೊಳೆದದ್ದು ಇನ್ನೂ ಸರಳವಾದ ಒಂದು. ಎದ್ದು ಹೋದ ಊರಿನವರು ದೇವರನ್ನು ಜೊತೆಗೆ ಒಯ್ದರು. ಹೊಸ ಗುಡಿ ಕಟ್ಟಿ ಹಳೆ ತಿಥಿಗೇ ಜಾತ್ರೆ ಮಾಡುತ್ತಾರೆ. ಆವತ್ತು ಪುಣೆಯಿಂದ, ಗೋವಾದಿಂದ, ಕೊಟ್ಟ ಮನೆಗಳಿಂದ ಮಂದಿ ಬರುತ್ತಾರೆ. ಕೀಲಿ ಬಿದ್ದ ಮನೆಗಳ ಬಾಗಿಲು ಎರಡು ದಿನ ತೆರೆಯುತ್ತದೆ. ಚದುರಿದ ಊರು ವರ್ಷದಲ್ಲಿ ಒಂದು ಸಲ ಒಂದೆಡೆ ಸಿಗುವುದು ಆಗ. ಸಮೀಕ್ಷೆ ಮಾಡುವುದಾದರೆ ಜಾತ್ರೆಯಲ್ಲಿ, ಹಳೆ ಊರನ್ನೇ ಘಟಕ ಮಾಡಿಕೊಂಡು, ‘ನಿಮ್ಮ ಓಣಿಯಲ್ಲಿ ಯಾರಾರಿದ್ದರು, ಈಗ ಎಲ್ಲಿದ್ದಾರೆ?’ ಎಂದು ಕೇಳುತ್ತ ಪಟ್ಟಿ ಕಟ್ಟಬಹುದು ಎಂದುಕೊಂಡೆ.

ಬೇಸಿಗೆಯಲ್ಲಿ ಒಮ್ಮೆ ಪ್ರಯತ್ನಿಸಿದ್ದೂ ಆಯಿತು. ನೀರು ಇಳಿದಿತ್ತು. ಜಾತ್ರೆಗೆ ಬಂದಿದ್ದ ಒಬ್ಬ ಅಮ್ಮ ನಮ್ಮನ್ನು ಹಳೆ ಊರಿನ ನೆಲಕ್ಕೆ ಕರೆದುಕೊಂಡು ಹೋದರು. ಒಣಗಿ ಬಿರಿದ ಕೆಸರು, ಅಲ್ಲಲ್ಲಿ ಕಲ್ಲಿನ ಅಡಿಪಾಯ, ಚಿಪ್ಪುಹುಳದ ಚಿಪ್ಪುಗಳು. ಅಗಸಿ ಇದ್ದ ಜಾಗದಲ್ಲಿ ನಿಂತು ಸೆರಗು ಸಿಗಿಸಿಕೊಂಡು ಅವರು ಶುರುಮಾಡಿದರು: ಇದು ಗೌಡರ ವಾಡೆ, ಇದು ಶೆಟ್ಟರ ಅಂಗಡಿ, ಇದು ನಮ್ಮ ಕಾಕಾನ ಮನೆ, ಇಲ್ಲಿ ಬಡಿಗೇರವರು, ಇಲ್ಲಿ ಮುಲ್ಲಾ ಸಾಬರ ಮನೆ, ಅವರ ಮಗಳು ನನ್ನ ಗೆಳತಿ. ಓಣಿ ಓಣಿ ನಡೆದು, ಇಲ್ಲದ ಬಾಗಿಲುಗಳ ಮುಂದೆ ತಲೆ ಬಗ್ಗಿಸಿ ದಾಟುತ್ತ, ಒಂದು ಮನೆ ತಪ್ಪದಂತೆ ಹೇಳಿದರು. ನಮ್ಮ ಕಚೇರಿ ಪಟ್ಟಿಯಲ್ಲಿ ಇಲ್ಲದ ಎಷ್ಟೋ ಹೆಸರು ಆ ಬಾಯಲ್ಲಿತ್ತು. ಹುಡುಗ ಟ್ಯಾಬು ಬದಿಗಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕೊನೆಗೆ ಮತ್ತೆ ಅಗಸಿಗೆ ಬಂದು “ಇಷ್ಟಽ ನೋಡ್ರಿ ನಮ್ಮೂರು” ಎಂದರು.

ಕೇರಿ ಎಲ್ಲಿತ್ತಮ್ಮಾ ಎಂದೆ. “ಅದು ಅಗಸಿ ಹೊರಗಿತ್ತಲ್ರಿ” ಎಂದು ಹೊಳೆಯ ಕಡೆಯ ತಗ್ಗಿಗೆ ಕೈ ತೋರಿಸಿದರು. ಅಲ್ಲಿ ಯಾರಾರಿದ್ದರು ಎಂಬುದು ಅವರಿಗೆ ಗೊತ್ತಿರಲಿಲ್ಲ. ಜಾತ್ರೆಯಲ್ಲೂ ಆ ಕಡೆಯವರು ಯಾರೂ ನಮಗೆ ಸಿಗಲಿಲ್ಲ. ಕೇರಿಯ ಒಬ್ಬ ಮುದುಕಿ ಮೂರು ಊರು ಆಚೆ ಮಗಳ ಮನೆಯಲ್ಲಿದ್ದಾಳೆಂದು ಮರುದಿನ ತಿಳಿಯಿತು. ಹೋಗಿ ಕೂತೆವು. ಆಕೆಯ ಊರು ಅಗಸಿಯಿಂದ ಶುರುವಾಗಲಿಲ್ಲ. ಹೊಳೆಯ ದಂಡೆಯಿಂದ, ಮೊದಲು ನೀರು ಬಂದ ಮನೆಯಿಂದ ಶುರುವಾಯಿತು.